ಜಲಪಾತ ರಜೆಯಲ್ಲಿದೆ

(ಕೊಲ್ಲೂರಿಗೆ ಹೋಗುವ ರಸ್ತೆಯಲ್ಲಿ, ಜಡ್ಕಲ್ ಕಡೆಯ ಒಂದು ತೋಟದ ಮನೆ. ಏಪ್ರಿಲ್ ಕೊನೆ, ಮಧ್ಯಾಹ್ನ ಮೂರು ಗಂಟೆ, ಅಡಿಕೆ ಸೋಗೆ ಅಲ್ಲಾಡದಷ್ಟು ಸೆಖೆ. ಮಾವ ಜಗಲಿಯಲ್ಲಿ ಕೂತು ಬೈರಾಸಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಾರೆ. ಬೆಂಗಳೂರಿನಿಂದ ಬಂದ ಅಳಿಯನ ಮಡಿಲಲ್ಲಿ ಲ್ಯಾಪ್‌ಟಾಪ್. ಹಿಂದಿನ ಎರಡು ಕೋಣೆಗೆ ಬಣ್ಣ ಹೊಡೆಸಿ ಹೋಂಸ್ಟೇ ಮಾಡಬೇಕೆಂಬ ಸಲಹೆ ಅಳಿಯನದು. ಬಣ್ಣದ ಖರ್ಚು ಮಾವನದು.)

ಅಳಿಯ: ಮಾವ, ಬಂದವರು ಬೇಸಿಗೆಯಲ್ಲಿ ಏನೇನು ಮಾಡಬಹುದು ಅಂತ ಒಂದು ಪಟ್ಟಿ ಹಾಕಬೇಕು. ಆ್ಯಕ್ಟಿವಿಟಿ.

ಮಾವ: ಎಂತಕ್ಕೆ ಮಾರಾಯ? ಅವ್ರ್ ಕೆಲ್ಸ ಮಾಡುಕೆ ಬಪ್ಪುದಾ, ಕೂಕಂಬುಕೆ ಬಪ್ಪುದಾ?

ಅಳಿಯ: ಸುಮ್ಮನೆ ಕೂರುವುದಕ್ಕೆ ಬೆಂಗಳೂರಲ್ಲೇ ಸಿಗ್ನಲ್ ಇದೆ. ಬರೆದುಕೊಳ್ತೇನೆ. ಮೊದಲನೆಯದು, ಅರಶಿನಗುಂಡಿ ಜಲಪಾತ.

ಮಾವ: ಅದ್ ಈಗ್ಳ್ ರಜಿ ಮೇಲ್ ಇತ್ತ್.

ಅಳಿಯ: ಜಲಪಾತಕ್ಕೆ ರಜೆಯಾ?

ಮಾವ: ಶಾಲಿಗ್ ರಜಿ ಕೊಟ್ರೆ ಅದಕ್ಕೂ ರಜಿ. ಈಗ ಹೋದ್ರೆ ನೂಲಿನಷ್ಟ್ ನೀರ್. ಧಡಧಡ ಬೀಳೂದ್ ಕಾಣ್ಕಂದ್ರೆ ಜೂನ್ ಆಯ್ಕ್.

ಅಳಿಯ: ಹಾಗಾದರೆ ಜೂನ್‌ನಲ್ಲೇ ಬನ್ನಿ ಅಂತ ಹಾಕಲಾ?

ಮಾವ: ಹಾಕ್ಬೇಡ. ಆ ಮಳಿಯಗೆ ಕಾಡಿಗೆ ಹೋಪುಕೆ ಇಲಾಖಿಯೋರ್ ಬಿಟ್ರೂ ಉಂಬ್ಳ ಬಿಡೂದಿಲ್ಲೆ.

ಅಳಿಯ: ಸರಿ, ಕೊಡಚಾದ್ರಿ. ಇದಕ್ಕೆ ನೀವು ಏನೂ ಹೇಳುವ ಹಾಗಿಲ್ಲ. 1,343 ಮೀಟರ್!

ಮಾವ: ಹೇಳೂದಿತ್ತ್. ಬೆಟ್ಟದ ಅಡಿ ನಮ್ಮ್ ಬೈಂದೂರ್ ತಾಲೂಕ್, ತಲಿ ಹೊಸನಗರದ್. ದಿನಾ ಎದ್ದ್ ಕಾಂಬುದ್ ನಾವ್, ಹೆಸ್ರ್ ಶಿವಮೊಗ್ಗದ್.

ಅಳಿಯ: ಬಂದವರು ತಾಲೂಕು ಕೇಳುವುದಿಲ್ಲ ಮಾವ, ಜೀಪು ಕೇಳುತ್ತಾರೆ.

ಮಾವ: ಕೊಲ್ಲೂರಗೆ ಜೀಪ್ ಸಿಕ್ತ್. ನಾಗೋಡಿ ಘಾಟಿ ಹತ್ತಿ, ಕಟ್ಟಿನಹೊಳಿ ಮೇಲಾಯ್ ಹೋಪುದ್. ಹತ್ರ ಹತ್ರ 40 ಕಿಲೋಮೀಟರ್. ಕಡಿಗ್ ಬಪ್ಪುದ್ ರಸ್ತಿ ಅಲ್ಲ, ಡ್ರೈವರಿಗೆ ನೆನಪಿದ್ದಲ್ಲಿ ರಸ್ತಿ.

ಅಳಿಯ: (ಟೈಪ್ ಮಾಡುತ್ತ) ಮೈ ನವಿರೇಳಿಸುವ... ಸಾಹಸಮಯ... ಪ್ರಯಾಣ.

ಮಾವ: ಸೊಂಟಕ್ಕ್ ಎಂತ ಬರಿತೆ?

ಅಳಿಯ: ಅದು ಸಣ್ಣ ಅಕ್ಷರದಲ್ಲಿ. ಮೇಲೆ ಸರ್ವಜ್ಞ ಪೀಠ ಉಂಟಲ್ಲ?

ಮಾವ: ಇತ್ತ್. ಶಂಕರಾಚಾರ್ಯರ್ ಕೂಕಂಡ್ ತಪಸ್ಸ್ ಮಾಡಿದ್ ಜಾಗ ಅಂಬ್ರ್. ಇವ್ರ್ ಅಷ್ಟ್ ದೂರ ಹತ್ಕಂಡ್ ಹೋಯಿ ಐದ್ ನಿಮಿಷ ಕೂಕಂತ್ರಾ? ಇಲ್ಲೆ. ಪೀಠಕ್ ಬೆನ್ನ್ ಹಾಕಿ ಫೋಟೋ. ಕೆಳಗ್ ಮೂಲ ಮೂಕಾಂಬಿಕಿ ಗುಡಿ ಹತ್ರ ಕಬ್ಬಿಣದ್ ಕಂಬ ಇತ್ತ್, ಅದನ್ನ್ ಕಾಣ್ಕ್. ಎಷ್ಟ್ ಕಾಲದ್ ಮಳಿ ತಿಂದ್ ನಿಂತಿತ್. ನಮ್ಮ್ ಗೇಟ್ ಕಾಣ್, ಹೋದ್ ವರ್ಷ ಹಾಕಿದ್, ಈ ವರ್ಷ ದೂಡಿರೆ ಕೈಗ್ ಬತ್ತ್.

ಅಳಿಯ: ಇನ್ನು ಕಂಬಳ. 2022ರಲ್ಲಿ ‘ಕಾಂತಾರ’ ಬಂದ ಮೇಲೆ ಎಲ್ಲರೂ ಕೇಳುವುದು ಅದನ್ನೇ.

ಮಾವ: ಕೋಣ ಓಡೂದ್ ಚಳಿಗಾಲದಗೆ, ಗದ್ದಿಯಗೆ ನೀರ್ ಇಪ್ಪತ್ತಿಗೆ. ಈಗ ಗದ್ದಿ ಬಿರುಕ್ ಬಿಟ್ಟಿತ್. ಓಡ್ಸುವ ಅಂದ್ರೆ ಕೋಣ ನಿನ್ನನ್ನೇ ಓಡ್ಸುತ್ತ್.

ಅಳಿಯ: ಕೆರಾಡಿ? ಶೂಟಿಂಗ್ ಆದ ಜಾಗ?

ಮಾವ: ಕೆರಾಡಿಗ್ ಹೋದ್ರೆ ಕಾಡ್ ಕಾಣತ್ತ್. ಕಾಂತಾರ ಕಾಂಬುಕೆ ಟಾಕೀಸಿಗೆ ಹೋಯ್ಕ್. ಕೋಣವೇ ಕಾಣ್ಕಂದ್ರೆ ಕಾಡುಕೋಣ ಇತ್ತಲೆ! ಈ ಕಾಡ್ 1974ರಗೆ ಅಭಯಾರಣ್ಯ ಆಯ್ತ್, ಅವಕ್ಕ್ ಹೆದ್ರಿಕಿ ಹೋಯ್ತ್. ಟಿಕೆಟ್ ಬ್ಯಾಡ, ಜೀಪ್ ಬ್ಯಾಡ, ತೋಟಕ್ಕೇ ಬತ್ತ್.

ಅಳಿಯ: ಖಚಿತವಾಗಿ ಎಷ್ಟು ಗಂಟೆಗೆ ಬರುತ್ತದೆ?

ಮಾವ: ನಾನ್ ಮಲ್ಕಂಡ್ ಮೇಲೆ.

ಅಳಿಯ: ಮರವಂತೆ ಹಾಕುತ್ತೇನೆ, ಬೇಡ ಅನ್ನಬೇಡಿ. ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ, ನಡುವೆ ಹೈವೇ.

ಮಾವ: ಹಾಕ್. ನಡುಗ್ ಕಾರ್ ನಿಲ್ಸುಕಾಗ ಅಂತ್ಲೂ ಹಾಕ್. ಆದ್ರೆ ಮಾರಾಯ, ಬೇಸಿಗಿ ಅಂದ್ರೆ ಇಲ್ಲಿ ನಿಜವಾಯ್ ನಡೂದ್ ಒಂದೇ, ಆಟ. ಅದನ್ನ್ ಬರೀಲೇ ಇಲ್ಲೆ ನೀನ್.

ಅಳಿಯ: ಯಾವ ಆಟ? ಕ್ರಿಕೆಟ್ಟಾ?

ಮಾವ: (ಬೈರಾಸು ಕೆಳಗಿಟ್ಟು) ನಿನ್ನಬ್ಬಿ ಕೇಂಡ್ರೆ ಅಳ್ತ್ಲ್. ಯಕ್ಷಗಾನ! ಮೇ ಕೊನಿ ತನಕ ಮೇಳದೋರ್ ತಿರ್ಗೂದ್. ಬರೂ ಶನಿವಾರ ಪಕ್ಕದ್ ಗದ್ದಿಯಗೇ ಮಾರಣಕಟ್ಟಿ ಮೇಳದ್ ಹರಕಿ ಆಟ ಇತ್ತ್. ಮಂದಾರ್ತಿ ಮೇಳದ್ದ್ ಆಡ್ಸುವ ಅಂದ್ರೆ ವರ್ಷಗಟ್ಲೆ ಕಾಯ್ಕ್.

ಅಳಿಯ: ಟಿಕೆಟ್ ಎಷ್ಟು?

ಮಾವ: ಹರಕಿ ಆಟಕ್ ಟಿಕೆಟ್ಟಾ? ಹರಕಿ ಹೊತ್ತೋರ್ ಖರ್ಚ್, ಊರೋರ್ ಕಾಂಬುದ್. ಊಟವೂ ಇತ್ತ್.

ಅಳಿಯ: ಪುಕ್ಕಟೆ ಅಂತ ಹಾಕಿದರೆ ಬೆಂಗಳೂರಿನವರು ನಂಬುವುದಿಲ್ಲ ಮಾವ. ನೂರು ರೂಪಾಯಿಯಾದರೂ ಇಡೋಣ.

ಮಾವ: ದೇವಿ ಆಟಕ್ ನೀನ್ ಕಮಿಷನ್ ತಕಂಡ್ರೆ ಮಹಿಷಾಸುರ ರಂಗಸ್ಥಳ ಬಿಟ್ಟ್ ಸೀದಾ ನಮ್ಮ್ ಜಗ್ಲಿಗೆ ಬತ್ತ.

ಅಳಿಯ: ಬೆಳಗಿನ ತನಕ ಅವರಿಗೆ ಕೂರಲಿಕ್ಕಾಗುತ್ತದಾ?

ಮಾವ: ಮಲ್ಕಂಬ್ಲಿ. ನಾವೆಲ್ಲ ಚಾಪಿ ಮೇಲ್ ಮಲ್ಕಂಡೇ ಆಟ ಕಲ್ತದ್. ಬಣ್ಣದ್ ವೇಷ ಬಪ್ಪತ್ತಿಗೆ ಎಬ್ಸಿರೆ ಸೈ. ಮಕ್ಳಿದ್ರೆ ಕರ್ಕಂಡೇ ಬರ್ಲಿ. ಸಾಲಿಗ್ರಾಮದಗೆ 1975ರಗೇ ಮಕ್ಳದ್ದೇ ಒಂದ್ ಮೇಳ ಕಟ್ಟಿದ್ರ್. ನಿಮ್ಮ್ ಸಮ್ಮರ್ ಕ್ಯಾಂಪ್ ಎಲ್ಲ ಆಮೇಲಿಂದ್.

(ಅತ್ತೆ ಹಲಸಿನ ಮೇಣ ಮೆತ್ತಿದ ಕೈಯನ್ನು ಎತ್ತಿ ಹಿಡಿದುಕೊಂಡು ಬರುತ್ತಾರೆ.)

ಅತ್ತೆ: ಹ್ವಾಯ್, ಮಾತ್ ಸಾಕ್. ಸೊಳಿ ಬೆಂದಿತ್. ಗುದ್ದುಕೂ ಜನ ಇಲ್ಲೆ, ಹಪ್ಳ ಒತ್ತುಕೂ ಜನ ಇಲ್ಲೆ. ಇಬ್ರೂ ಏಳಿ.

ಅಳಿಯ: (ಕಣ್ಣರಳಿಸಿ) ಅತ್ತೆ, ಸಿಕ್ಕಿತು! ‘ಹಲಸಿನ ಹಪ್ಪಳ ಕಾರ್ಯಾಗಾರ’. ತಲೆಗೆ 500 ರೂಪಾಯಿ.

ಅತ್ತೆ: ಹಪ್ಳ ಒತ್ತೋರಿಗೆ ಐನೂರ್ ಕೊಟ್ರೆ ನಂಗ್ ಎಂತ ಉಳಿತ್ತ್?

ಅಳಿಯ: ನೀವು ಕೊಡುವುದಲ್ಲ ಅತ್ತೆ, ಅವರು ಕೊಡುವುದು.

ಅತ್ತೆ: (ಗಂಡನ ಕಡೆ ತಿರುಗಿ) ಮಾಣಿಗ್ ಬಿಸ್ಲ್ ಬಡ್ದಿತ್ ಕಾಣಿ. ನಮ್ಮನಿ ಹಪ್ಳ ಒತ್ತಿಕೊಟ್ಟ್, ದುಡ್ಡೂ ಕೊಟ್ಟ್ ಹೋತ್ರಂಬ್ರ್.

ಅಳಿಯ: ಹೌದು. ಒಣಗಿದ ಮೇಲೆ ಅದೇ ಹಪ್ಪಳ ಕೊಂಡುಕೊಳ್ತಾರೆ. ಅದಕ್ಕೆ ಬೇರೆ ರೇಟು.

(ದೀರ್ಘ ಮೌನ. ಮಾವ ನಿಧಾನವಾಗಿ ಕುರ್ಚಿಯನ್ನು ಅಳಿಯನ ಹತ್ತಿರ ಎಳೆದುಕೊಳ್ಳುತ್ತಾರೆ.)

ಮಾವ: ಬರಿ. ಗೇರುಬೀಜ ಹೆಕ್ಕುದ್. ಬೆಳಿಗ್ಗಿ ಆರ್ ಗಂಟಿಗೆ.

ಅಳಿಯ: ‘ಮುಂಜಾನೆಯ ಗೇರುತೋಟ ನಡಿಗೆ’. ಬರೆದೆ.

ಮಾವ: ತೋಟದಗೆ ದರ್ಲಿ ಗುಡ್ಸುದ್. ಅಡ್ಕಿ ಸುಲಿಯೂದ್. ಕಟ್ಟಿಗಿ ಕೊಟ್ಟಿಗಿ ಒಳಗ್ ಹಾಕುದ್, ಮಳಿಗಿಂತ ಮುಂಚೆ ಆಯ್ಕ್. ಮಾಡಿನ್ ಹಂಚ್ ಕೈಯಾಡ್ಸುದ್.

ಅಳಿಯ: ಮಾಡು ಬೇಡ ಮಾವ, ಬಿದ್ದರೆ ಕಷ್ಟ.

ಮಾವ: ಹಂಗಾರೆ ಬಾಮಿ ಕೆಸ್ರ್ ತೆಗೂದ್ ಹಾಕ್. ಅದ್ರಗೆ ಬೀಳ್ತ್ರಿಲ್ಲೆ, ಮೊದ್ಲೇ ಇಳ್ದಿರ್ತ್ರ್.

(ಫೋನು ರಿಂಗಾಗುತ್ತದೆ. ಮಾವ ಗಂಟಲು ಸರಿಮಾಡಿಕೊಂಡು, ಆಕಾಶವಾಣಿಯ ಕನ್ನಡದಲ್ಲಿ.)

ಮಾವ: ಹಲೋ, ನಮಸ್ಕಾರ. ಹೌದು, ಹೋಂಸ್ಟೇ... ರೈಲಿನಲ್ಲಿ ಬಂದರೆ ಮೂಕಾಂಬಿಕಾ ರೋಡ್ ಬೈಂದೂರು ಸ್ಟೇಷನ್‌ನಲ್ಲಿ ಇಳಿಯಬೇಕು... ಏಸಿ ಇಲ್ಲೆ, ಅಡಿಕೆ ತೋಟ ಉಂಟು... ಜಲಪಾತವಾ? ಅದು ಜೂನಿಗೆ ಕೆಲಸಕ್ಕೆ ಹಾಜರಾಗುತ್ತದೆ. ಈಗ ಬೆಳಿಗ್ಗೆ ಬೆಟ್ಟ, ಮಧ್ಯಾಹ್ನ ಹಪ್ಪಳ, ರಾತ್ರಿ ಆಟ... ಆಯ್ತು, ಬನ್ನಿ. ಒಂದೇ ವಿಷಯ, ಬೆಟ್ಟಕ್ಕೆ ನೀರಿನ ಬಾಟಲಿ ತೆಗೆದುಕೊಂಡು ಹೋದರೆ ಖಾಲಿ ಬಾಟಲಿಯನ್ನೂ ಕೆಳಗೆ ತರಬೇಕು.

(ಫೋನ್ ಇಡುತ್ತಾರೆ.)

ಅಳಿಯ: ಮಾವ, ಇದೂ ಒಳ್ಳೆಯ ಐಡಿಯಾ! ‘ಕೊಡಚಾದ್ರಿಯಲ್ಲಿ ಪ್ಲಾಸ್ಟಿಕ್ ಹೆಕ್ಕುವ ಅಭಿಯಾನ’. ಇದಕ್ಕೆ ತಲೆಗೆ ಎಷ್ಟು ಹಾಕೋಣ?

ಮಾವ: ಅದಕ್ ದುಡ್ ತಕಂಬುಕಾಗ ಮಾರಾಯ. ಅದ್ ಅವ್ರದ್ದೇ ಮಾಲ್.