ಕೋಣನ ಟೈಮೆಷ್ಟು?

ನೂರು ಮೀಟರ್ ಓಟದ ವಿಶ್ವದಾಖಲೆ ಸಿರಿಗೆರೆಯ ಹೋಟೆಲಿನಲ್ಲಿ ಚರ್ಚೆಗೆ ಬಂದದ್ದು 2020ರ ಫೆಬ್ರವರಿಯಲ್ಲಿ. ಅದಕ್ಕೆ ಮುಂಚೆ ಅಲ್ಲಿ ಓಡಾಡುತ್ತಿದ್ದ ಅಂಕಿಗಳು ಎರಡೇ: ಅಡಿಕೆ ಧಾರಣೆ ಮತ್ತು ಬೋರ್‌ವೆಲ್ಲಿನ ಆಳ. ಅವುಗಳಲ್ಲಿ ಒಂದು ರೂಪಾಯಿ, ಒಂದು ಅಡಿ ಹೆಚ್ಚುಕಮ್ಮಿಯಾದರೂ ನಮ್ಮವರು ಒಪ್ಪುವುದಿಲ್ಲ. ಅಂಥವರು ಆವತ್ತು ಮಂಡಕ್ಕಿ ತಟ್ಟೆ ಪಕ್ಕಕ್ಕೆ ಸರಿಸಿ ನನ್ನ ಮುಂದೆ ಪೇಪರ್ ಹರಡಿದರು. “ನೋಡ್ರಿ ಮೇಷ್ಟ್ರೆ, ನಮ್ಮ ಹುಡುಗ ಬೋಲ್ಟನ್ನೇ ಹಿಂದಕ್ಕೆ ಹಾಕ್ಯಾನಂತೆ!” ಡ್ರಿಲ್ ಮಾಸ್ಟರಾಗಿ ನಿವೃತ್ತನಾದವನಿಗೆ ಇಂಥ ಕಡೆ ತೀರ್ಪುಗಾರನ ಹುದ್ದೆ ಕಾಯಂ.

ಸುದ್ದಿ ಇಷ್ಟು. ಐಕಳ ಕಂಬಳದಲ್ಲಿ ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದರು. ಅದು ನಿಜ, ಮೈ ಜುಮ್ಮೆನ್ನುವಂಥ ನಿಜ. ಅಷ್ಟಕ್ಕೇ ಬಿಟ್ಟಿದ್ದರೆ ಸಾಕಿತ್ತು. ಯಾರೋ ಪುಣ್ಯಾತ್ಮರು ಕೂತು ಲೆಕ್ಕ ಹಾಕಿದರು: ಇಷ್ಟು ಮೀಟರಿಗೆ ಇಷ್ಟು ಸೆಕೆಂಡಾದರೆ ನೂರು ಮೀಟರಿಗೆಷ್ಟು? 9.55! ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ ಓಡಿದ್ದು 9.58. ಮರುದಿನ ದೇಶದ ತುಂಬ ‘ಭಾರತದ ಬೋಲ್ಟ್’. ಕ್ರೀಡಾ ಸಚಿವ ಕಿರಣ್ ರಿಜಿಜು ಅವರು ಕ್ರೀಡಾ ಪ್ರಾಧಿಕಾರದ ಟ್ರಯಲ್ಸಿಗೇ ಕರೆದರು.

ತ್ರೈರಾಶಿ ಒಳ್ಳೆಯ ಲೆಕ್ಕವೇ. ಹತ್ತು ಆಳು ಐದು ದಿನದಲ್ಲಿ ಗೋಡೆ ಕಟ್ಟುವ ಆ ಲೆಕ್ಕದಲ್ಲಿ ಯಾವ ಆಳೂ ಬೀಡಿ ಸೇದಲು ಕೂರುವುದಿಲ್ಲ, ಮೇಸ್ತ್ರಿಯ ಜೊತೆ ಜಗಳ ತೆಗೆಯುವುದಿಲ್ಲ. ಓಟಗಾರನ ಕಾಲು ಹಾಗಲ್ಲ. ಬೋಲ್ಟ್ ಬರ್ಲಿನ್ನಿನಲ್ಲಿ ಮೊದಲ 20 ಮೀಟರಿಗೆ 2.89 ಸೆಕೆಂಡ್ ತೆಗೆದುಕೊಂಡ. ಅರವತ್ತರಿಂದ ಎಂಬತ್ತನೆಯ ಮೀಟರಿಗೆ 1.61 ಸಾಕಾಯಿತು. ನಿಂತಲ್ಲಿಂದ ಏಳುವುದೇ ಕಷ್ಟ, ಎದ್ದ ಮೇಲೆ ಗಾಳಿ. ಹಾಗಾಗಿ ಓಟ ನೂರು ಮೀಟರಿಗಿಂತ ಸ್ವಲ್ಪ ಉದ್ದವಾದರೆ ಸರಾಸರಿ ತಾನಾಗಿ ಚಂದ ಕಾಣುತ್ತದೆ. ಅದೇ 2009ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನ ರಸ್ತೆಯಲ್ಲಿ ಬೋಲ್ಟ್ 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದ್ದ. ತ್ರೈರಾಶಿ ಹಾಕಿ: ನೂರಕ್ಕೆ 9.56 ಚಿಲ್ಲರೆ. ಅಂದರೆ ಬರ್ಲಿನ್ನಿನ ದಾಖಲೆಯನ್ನು ಅವನು ಅದು ಹುಟ್ಟುವುದಕ್ಕೆ ಮೂರು ತಿಂಗಳ ಮೊದಲೇ ಮುರಿದಿದ್ದ!

ಇದೇ ಲೆಕ್ಕವನ್ನು ಹಿಗ್ಗಿಸಿದರೆ ಬೋಲ್ಟ್ 42.195 ಕಿಲೋಮೀಟರಿನ ಮ್ಯಾರಥಾನನ್ನು 67 ನಿಮಿಷದ ಆಸುಪಾಸಿನಲ್ಲಿ ಮುಗಿಸಬೇಕು. 2023ರಲ್ಲಿ ಶಿಕಾಗೊದಲ್ಲಿ ವಿಶ್ವದಾಖಲೆ ಮಾಡಿದ ಕೆಲ್ವಿನ್ ಕಿಪ್ಟಮ್‌ಗೆ ಎರಡು ಗಂಟೆಯ ಮೇಲೆ 35 ಸೆಕೆಂಡ್ ಹಿಡಿಯಿತು, ಪಾಪ, ಅವನಿಗೆ ತ್ರೈರಾಶಿ ಬರುತ್ತಿರಲಿಲ್ಲವೇನೊ. (ನಮ್ಮ ಪತ್ರಿಕೆಗಳಲ್ಲಿ ಮ್ಯಾರಥಾನ್ ಎಂದರೆ ಬಸ್‌ಸ್ಟ್ಯಾಂಡಿನಿಂದ ತಾಲ್ಲೂಕು ಕಚೇರಿವರೆಗೆ ಟೀಶರ್ಟ್ ಹಾಕಿಕೊಂಡು ಹೋಗುವುದು; ಅದನ್ನು 67 ನಿಮಿಷದಲ್ಲಿ ನಾನೂ ಮುಗಿಸಬಲ್ಲೆ, ನಡುವೆ ಕಾಫಿ ಕುಡಿದು.)

ಕಿಪ್ಟಮ್ ಆಮೇಲೆ ಬಂದವನು; ಉಳಿದದ್ದನ್ನೆಲ್ಲ ನಾನು ಆವತ್ತೇ ಹೋಟೆಲಿನಲ್ಲಿ ಬಿಡಿಸಿ ಬಿಡಿಸಿ ಹೇಳಿದೆ. ಯಾರೂ ಒಪ್ಪಲಿಲ್ಲ. ಮೂಲೆಯಲ್ಲಿ ಕೂತು ಮೆಣಸಿನಕಾಯಿ ಬಜ್ಜಿ ಮುರಿಯುತ್ತಿದ್ದ ಹಿರಿಯ ರೈತರೊಬ್ಬರು ಮಾತ್ರ ತಲೆ ಎತ್ತಿದರು. ಹೋರಿ ಸಾಕಿದವರು.

“ಅಲ್ಲ ಮೇಷ್ಟ್ರೆ, ಆ ಕೋಣ ಅವನ ಹಿಂದೆ ಇದ್ವಾ, ಮುಂದೆ ಇದ್ವಾ?”

“ಮುಂದೆ.”

“ಹಂಗಾರೆ ಫಸ್ಟ್ ಬಂದಿದ್ದು ಯಾರು?”

ದೇಶದ ಯಾವ ವರದಿಗಾರನೂ ಕೇಳದ ಪ್ರಶ್ನೆ. ಬೋಲ್ಟನ ದಾಖಲೆ ಮುರಿದಿದ್ದರೆ ಮೊದಲು ಮುರಿದವು ಕೋಣಗಳು. ಅವುಗಳ ಟೈಮು ಎಲ್ಲೂ ಅಚ್ಚಾಗಲಿಲ್ಲ. ಇದನ್ನು ಅರಿತಿದ್ದ ಇನ್ನೊಬ್ಬರೆಂದರೆ ಸ್ವತಃ ಶ್ರೀನಿವಾಸ ಗೌಡರು. ಶ್ರೇಯಸ್ಸು ಕೋಣಗಳದ್ದೂ ಹೌದು, ಕಂಬಳದ ಗದ್ದೆಯೇ ಬೇರೆ ಟ್ರ್ಯಾಕೇ ಬೇರೆ ಎಂದು ಹೇಳಿ ಟ್ರಯಲ್ಸಿಗೆ ಹೋಗಲೊಲ್ಲೆ ಎಂದರು. ಅಷ್ಟೂ ಗದ್ದಲದಲ್ಲಿ ಅಥ್ಲೆಟಿಕ್ಸ್ ತಿಳಿದವರಂತೆ ಮಾತಾಡಿದ್ದು ಅವರೊಬ್ಬರೇ. ಆದರೂ ಪತ್ರಿಕೆಗಳು ಬಿಟ್ಟವೇ? ಅದೇ ತಿಂಗಳು ಬಜಗೋಳಿಯ ನಿಶಾಂತ್ ಶೆಟ್ಟಿಯವರಿಗೆ 9.51 ಬಂತು. ಬೋಲ್ಟ್ 2017ರಲ್ಲೇ ನಿವೃತ್ತನಾಗಿ ಮರ್ಯಾದೆ ಉಳಿಸಿಕೊಂಡಿದ್ದ.

ನನಗೆ ಸಿಟ್ಟು ಬರುವುದು ಸುಳ್ಳಿಗಲ್ಲ, ನಿಜವೇ ಸಾಕಷ್ಟು ದೊಡ್ಡದಿರುವಾಗ ಅದಕ್ಕೆ ಹೀಲ್ಡ್ ಚಪ್ಪಲಿ ತೊಡಿಸುವುದಕ್ಕೆ. 1960ರ ರೋಮ್‌ನಲ್ಲಿ ಮಿಲ್ಖಾ ಸಿಂಗ್ 400 ಮೀಟರನ್ನು 45.6 ಸೆಕೆಂಡಿನಲ್ಲಿ ಓಡಿ ನಾಲ್ಕನೆಯವರಾದರು. ಹಳೆಯ ಒಲಿಂಪಿಕ್ ದಾಖಲೆ 45.9ಕ್ಕಿಂತ ಚೆನ್ನಾಗಿ. ಇದು ಸಾಲದೆಂದು ‘ವಿಶ್ವದಾಖಲೆ ಮುರಿದೂ ಪದಕವಿಲ್ಲ’ ಎಂದು ಬರೆಯುವವರಿದ್ದಾರೆ. ವಿಶ್ವದಾಖಲೆ ಆಗ 45.2 ಇತ್ತು. ಪಿ.ಟಿ. ಉಷಾ 1984ರಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡದ್ದು 400 ಮೀಟರ್ ಹರ್ಡಲ್ಸ್‌ನಲ್ಲಿ. ಅದನ್ನು ನೂರು ಮೀಟರ್ ಓಟ ಮಾಡಿ ಹತ್ತು ಅಡೆತಡೆಗಳನ್ನೂ ಎತ್ತಿ ಆಚೆ ಇಟ್ಟುಬಿಡುತ್ತಾರೆ.

ನಾವು ಡ್ರಿಲ್ ಮಾಸ್ಟರುಗಳು ಪಿಸ್ತೂಲಿನ ಸದ್ದಿಗಲ್ಲ, ಹೊಗೆಗೆ ಸ್ಟಾಪ್‌ವಾಚ್ ಒತ್ತಲು ಕಲಿತವರು. ಸದ್ದು ನೂರು ಮೀಟರ್ ದಾಟಿ ಬರಲು ಸುಮಾರು 0.3 ಸೆಕೆಂಡ್ ಬೇಕು. ಕಿವಿ ನಂಬಿದರೆ ಹಳ್ಳಿ ಹುಡುಗ ರಾಜ್ಯ ಮಟ್ಟದವನಾಗಿಬಿಡುತ್ತಾನೆ. ಪಿಸ್ತೂಲಿಲ್ಲದ ಶಾಲೆಯಲ್ಲಿ ಕರವಸ್ತ್ರ ಕೆಳಗಿಳಿದದ್ದು ನೋಡಿ ಒತ್ತುತ್ತಿದ್ದೆವು. ಅಷ್ಟು ಕಷ್ಟಪಟ್ಟು ಹಿಡಿದ ಅಂಕಿ ಪತ್ರಿಕೆಗೆ ಹೋಗುವ ದಾರಿಯಲ್ಲಿ ಏನಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ.

ಒಂದು ವರ್ಷ ನಮ್ಮ ಹುಡುಗನೊಬ್ಬ ವಲಯ ಮಟ್ಟದ ಕೂಟದಲ್ಲಿ ಗುಂಡನ್ನು 9.40 ಮೀಟರ್ ಎಸೆದ. ಪತ್ರಿಕೆಯಲ್ಲಿ ಬಿಂದುವೂ ಕೊನೆಯ ಸೊನ್ನೆಯೂ ಬಿದ್ದುಹೋಗಿ 94 ಮೀಟರ್ ಆಯಿತು. ಗುಂಡು ಎಸೆತದಲ್ಲಿ ರಯಾನ್ ಕ್ರೌಸರ್ 2023ರಲ್ಲಿ ಮಾಡಿದ ವಿಶ್ವದಾಖಲೆಯೇ 23.56. ನಮ್ಮ ಹುಡುಗನ ಗುಂಡು ಮೈದಾನದ ಬೇಲಿ ದಾಟಿ, ರಸ್ತೆ ದಾಟಿ ಯಾರದೋ ಅಡಿಕೆ ತೋಟಕ್ಕೆ ಬಿದ್ದಿರಬೇಕು. ಅವನ ತಾಯಿ ಆ ಪೇಪರ್ ತುಂಡನ್ನು ಲ್ಯಾಮಿನೇಷನ್ ಮಾಡಿಸಿ ತಂದು, “ಸಾರ್, ಇದ್ಕೆ ರೈಲ್ವೇಲಿ ಕೆಲ್ಸ ಕೊಡ್ತಾರಾ?” ಅಂದರು. ನಾನು ಸಂಪಾದಕರಿಗೆ ವಿವರವಾಗಿ ಕಾಗದ ಬರೆದೆ. ವಾರದ ನಂತರ ಒಳಪುಟದ ಮೂಲೆಯಲ್ಲಿ ತಿದ್ದುಪಡಿ ಬಂತು:

‘ಗುಂಡು ಎಸೆತದ ವರದಿಯಲ್ಲಿ 94 ಮೀಟರ್ ಎಂದು ತಪ್ಪಾಗಿ ಮುದ್ರಿತವಾಗಿದೆ. ಅದನ್ನು 9.40 ಸೆಕೆಂಡ್ ಎಂದು ಓದಿಕೊಳ್ಳಬೇಕಾಗಿ ವಿನಂತಿ.’