ಮಂಗಳಾರತಿಯ ಭಕ್ತ

ಅವನನ್ನು ಗುರುತು ಹಿಡಿಯಲು ಕಷ್ಟಪಡಬೇಕಾಗಿಲ್ಲ. ರಾತ್ರಿ ಊಟಕ್ಕೆ ಕೂತಾಗ ತಟ್ಟೆಯ ಮುಂದೆ ನೀರಿನ ಚೊಂಬಿಗೆ ಮೊಬೈಲು ಒರಗಿರುತ್ತದೆ. ಅದರೊಳಗೆ ಬಿಳಿ ಅಂಗಿ, ಕನ್ನಡಕ, ಜೇಬಿನಲ್ಲಿ ಸಾಲು ಪೆನ್ನು ಸಿಕ್ಕಿಸಿಕೊಂಡ ಅಮೆರಿಕದವನೊಬ್ಬ ಯಾವುದೋ ಓಬೀರಾಯನ ಕಾಲದ ವಿಡಿಯೋ ಗೇಮನ್ನು ಹಿಗ್ಗಾಮುಗ್ಗಾ ಬೈಯುತ್ತಿರುತ್ತಾನೆ. ಇವನು ಅನ್ನಕ್ಕೆ ಸಾರು ಕಲಸುವುದನ್ನು ಮರೆತು ಕಿಸಕಿಸ ನಗುತ್ತಿರುತ್ತಾನೆ.

"ಯಾರೋ ಅದು, ಹಂಗೆ ಅರಚ್ಕೋತಿರೋದು? ಹೊಟ್ಟೆನೋವೇನೋ, ಪಾಪ" ಎಂದು ತಾಯಿ ಅಡುಗೆಮನೆಯಿಂದಲೇ ವಿಚಾರಿಸುತ್ತಾರೆ.

"ಇಲ್ಲಮ್ಮ, ಗೇಮ್ ಚೆನ್ನಾಗಿಲ್ವಂತೆ."

"ಚೆನ್ನಾಗಿಲ್ದಿದ್ರೆ ಆಡೋದು ಬಿಡ್ಬೋದಲ್ಲ?"

ಇಷ್ಟು ಸಣ್ಣ ಪ್ರಶ್ನೆಗೆ ಅವನಲ್ಲಿ ಉತ್ತರವಿಲ್ಲ. ವಿಡಿಯೋ ಮಾಡಿದವನಲ್ಲೂ ಇದ್ದಂತಿಲ್ಲ.

ನಮ್ಮ ಭಕ್ತನ ವಯಸ್ಸು ಮೂವತ್ತೈದರ ಆಸುಪಾಸು. ವಾಸ ವಿಜಯನಗರದಲ್ಲೋ ಬಸವೇಶ್ವರನಗರದಲ್ಲೋ, ಕಂಪನಿ ಕಳಿಸಿದ್ದರೆ ಸನ್ನಿವೇಲ್‌ನಲ್ಲೋ ಇರಬಹುದು. ಕೆಲಸ ಸಾಫ್ಟ್‌ವೇರ್. ಸ್ವಭಾವ ಹಸು. ಮ್ಯಾನೇಜರ್ ಶನಿವಾರ ಬಾ ಎಂದರೆ ಬರುತ್ತಾನೆ. ದರ್ಶಿನಿಯಲ್ಲಿ ಇಡ್ಲಿ ಕೇಳಿದವನಿಗೆ ಖಾರಾಬಾತ್ ಕೊಟ್ಟರೆ ಮಾತಾಡದೆ ತಿನ್ನುತ್ತಾನೆ. ಆಟೋದವನು ಮೀಟರ್ ಮೇಲೆ ಮೂವತ್ತು ಅಂದರೆ ಐವತ್ತು ಕೊಟ್ಟು ಚಿಲ್ಲರೆ ಕೇಳದೆ ಇಳಿಯುತ್ತಾನೆ. ಸ್ವಂತದ ಸಿಟ್ಟು ಮನೆಯಲ್ಲಿ ಬೇಯುವುದೇ ಇಲ್ಲವಾದ್ದರಿಂದ ದಿನಾ ರಾತ್ರಿ ಹೊರಗಿನಿಂದ ಪಾರ್ಸೆಲ್ ತರಿಸಿಕೊಳ್ಳುತ್ತಾನೆ. ಅವನಿಗೆ ಗೇಮ್ ಆಡುವುದಕ್ಕಿಂತ, ಸಿನಿಮಾ ನೋಡುವುದಕ್ಕಿಂತ, ಕಾಮಿಕ್ಸ್ ಓದುವುದಕ್ಕಿಂತ ಅವುಗಳಿಗೆ ಯಾರಾದರೂ ಮಂಗಳಾರತಿ ಎತ್ತುವುದನ್ನು ನೋಡುವುದರಲ್ಲೇ ಹೆಚ್ಚು ಸುಖ.

ಇವನ ಆದಿಗುರು ಜೇಮ್ಸ್ ರೋಲ್ಫ್. ನ್ಯೂಜೆರ್ಸಿಯಲ್ಲಿ 1980ರಲ್ಲಿ ಹುಟ್ಟಿದ, ಸಿನಿಮಾ ಮಾಡುವ ಹುಚ್ಚು ಹತ್ತಿಸಿಕೊಂಡಿದ್ದ ಹುಡುಗ. 2004ರಲ್ಲಿ ಸ್ನೇಹಿತರನ್ನು ನಗಿಸಲೆಂದು 'ಕ್ಯಾಸಲ್‌ವೇನಿಯಾ 2: ಸೈಮನ್ಸ್ ಕ್ವೆಸ್ಟ್' ಎಂಬ ನಿಂಟೆಂಡೊ ಗೇಮನ್ನು ಬೈದು ಒಂದು ಸಣ್ಣ ವಿಡಿಯೋ ಮಾಡಿದ. ಅದು ಯೂಟ್ಯೂಬಿಗೆ ಹೋದದ್ದು 2006ರಲ್ಲಿ. ಮೊದಲು ಪಾತ್ರದ ಹೆಸರು 'ಆ್ಯಂಗ್ರಿ ನಿಂಟೆಂಡೊ ನರ್ಡ್'. ಕಂಪನಿಯ ಹೆಸರು ಹಾಕಿಕೊಂಡರೆ ತಕರಾರು ಬಂದೀತೆಂದು ಅದು 'ಆ್ಯಂಗ್ರಿ ವಿಡಿಯೋ ಗೇಮ್ ನರ್ಡ್' ಆಯಿತು. ಒಂದು ಕೈಯಲ್ಲಿ ಬಿಯರ್ ಬಾಟಲಿ, ಇನ್ನೊಂದರಲ್ಲಿ ಗೇಮಿನ ಕ್ಯಾಸೆಟ್ಟು, ಬಾಯಲ್ಲಿ ಇಲ್ಲಿ ಅಚ್ಚು ಹಾಕಲಾಗದ ಉಪಮೆಗಳು. ಕೋಪಿಷ್ಠ ವಿಮರ್ಶಕ ಎಂಬ ವೇಷವನ್ನು ಆಮೇಲೆ ನೂರಾರು ಜನ ತೊಟ್ಟರು. ಅದರ ಅಳತೆ ತೆಗೆದು ಹೊಲಿದವನು ಇವನು.

ಆ ಮೊದಲ ಬೈಗುಳವೇನೂ ಬರಿಯ ಕೂಗಾಟವಾಗಿರಲಿಲ್ಲ. 'ಸೈಮನ್ಸ್ ಕ್ವೆಸ್ಟ್' ಆಟದಲ್ಲಿ ಹಗಲು ಕಳೆದು ರಾತ್ರಿಯಾಗುತ್ತದೆ. ಆದರೆ ಪ್ರತಿ ಸಲವೂ ಆಟವನ್ನು ನಿಲ್ಲಿಸಿ, ಒಂದು ಡಬ್ಬಿಯೊಳಗೆ ಅಕ್ಷರ ಅಕ್ಷರವಾಗಿ ಸುದ್ದಿ ಮೂಡಿ, 'ಈಗ ರಾತ್ರಿಯಾಯಿತು' ಎಂದು ತಿಳಿಸುವ ತನಕ ಆಟಗಾರ ಕೈಕಟ್ಟಿ ಕೂರಬೇಕು. ಊರಿನವರನ್ನು ದಾರಿ ಕೇಳಿದರೆ, ಡೆಬೊರಾ ಬಂಡೆಗೆ ತಲೆಯಿಂದ ಗುದ್ದಿ ತೂತು ಮಾಡು ಎಂಬ ಮಾತಿನ ಸಲಹೆ ಸಿಗುತ್ತದೆ. ನಿಜವಾಗಿ ಮಾಡಬೇಕಾದ್ದು ಬೇರೆಯೇ: ಕೆಂಪು ಹರಳನ್ನು ಹಿಡಿದು ಆ ಬಂಡೆಯ ಮುಂದೆ ಕೆಲವು ಕ್ಷಣ ಮಂಡಿಯೂರಿ ಕೂರಬೇಕು. ಆಗ ಸುಂಟರಗಾಳಿಯೊಂದು ಬಂದು ಎತ್ತಿಕೊಂಡು ಹೋಗುತ್ತದೆ. ಇದು ಮಗುವಿಗೆ ಹೊಳೆಯಬೇಕು, ಅದೂ ಯಾರೂ ಹೇಳಿಕೊಡದೆ! ಬೇಸಿಗೆ ರಜೆ ಪೂರ್ತಿ ಆ ಬಂಡೆಯ ಮುಂದೆ ಅಲೆದಾಡಿದ ಮಕ್ಕಳೆಲ್ಲರ ಪರವಾಗಿ ದೊಡ್ಡವನೊಬ್ಬ ಹದಿನೈದು ವರ್ಷ ತಡವಾಗಿ ದೂರು ಕೊಡುತ್ತಿದ್ದಾನೆ. ನಗು ಹುಟ್ಟುವುದು ಅಲ್ಲಿಂದ.

ನಮ್ಮ ಭಕ್ತನಿಗೆ ಇದು ನಾಟುವುದಕ್ಕೂ ಕಾರಣವಿದೆ. ತೊಂಬತ್ತರ ದಶಕದಲ್ಲಿ ಅವನ ಮನೆಯಲ್ಲೋ ಎದುರು ಮನೆಯಲ್ಲೋ 'ಟಿವಿ ಗೇಮ್' ಇತ್ತು. ಜಪಾನಿನಲ್ಲಿ 1983ರಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್ ಯಂತ್ರದ ನಕಲು ಅದು. ಕ್ಯಾಸೆಟ್ಟಿನ ಮೇಲೆ '9999999 ಇನ್ 1' ಎಂದು ಮುದ್ರಿಸಿರುತ್ತಿತ್ತು. ಒಳಗೆ ಬೆರಳೆಣಿಕೆಯ ಆಟಗಳೇ ಹೆಸರು ಬದಲಿಸಿಕೊಂಡು ಸರದಿಯಲ್ಲಿ ನಿಂತಿರುತ್ತಿದ್ದವು. ಮಾರಿಯೋ, ಕಾಂಟ್ರಾ, ಬಂದೂಕಿನಲ್ಲಿ ಬಾತುಕೋಳಿ ಹೊಡೆಯುವುದು. ಆನ್ ಆಗದಿದ್ದರೆ ಕ್ಯಾಸೆಟ್ಟು ಕಿತ್ತು ಬಾಯಿಗಿಟ್ಟುಕೊಂಡು ಉಫ್ ಎಂದು ಊದುವುದು. ಊದಬೇಡಿ, ಉಸಿರಿನ ತೇವಕ್ಕೆ ಲೋಹ ಹಾಳಾಗುತ್ತದೆ ಎಂದು ನಿಂಟೆಂಡೊ ಕಂಪನಿಯೇ ಹೇಳುತ್ತಿತ್ತು. ನ್ಯೂಜೆರ್ಸಿಯ ಹುಡುಗನೂ ಕೇಳಲಿಲ್ಲ, ರಾಜಾಜಿನಗರದ ಹುಡುಗನೂ ಕೇಳಲಿಲ್ಲ. ರೋಲ್ಫ್ ಕ್ಯಾಸೆಟ್ಟಿಗೆ ಊದಿದಾಗ ನಮ್ಮವನ ಕಣ್ಣು ಒದ್ದೆಯಾದರೆ ನಾಟಕ ಅಂದುಕೊಳ್ಳಬಾರದು.

ತೊಂದರೆ ಶುರುವಾಗುವುದು ಅವನು ಆಡದ ಆಟಗಳ ವಿಷಯದಲ್ಲಿ. ಅವುಗಳ ಸಂಖ್ಯೆಯೇ ಹೆಚ್ಚು. ಅಟಾರಿ ಕಂಪನಿಯ 'ಇ.ಟಿ.' ಗೇಮಿನ ವಿಚಾರ ಎತ್ತಿ ನೋಡಿ. 1982ರಲ್ಲಿ ಹೋವರ್ಡ್ ಸ್ಕಾಟ್ ವಾರ್ಷಾ ಎಂಬಾತ ಸುಮಾರು ಐದು ವಾರದಲ್ಲಿ ಅದನ್ನು ಮಾಡಿ ಮುಗಿಸಬೇಕಾಯಿತು, ಕ್ರಿಸ್ಮಸ್ ಮಾರಾಟಕ್ಕೆ ಹೊತ್ತು ಮೀರುತ್ತಿತ್ತು, ಉಳಿದುಹೋದ ಸರಕನ್ನು 1983ರಲ್ಲಿ ನ್ಯೂಮೆಕ್ಸಿಕೊದ ಆಲಮೊಗಾರ್ಡೊ ಎಂಬ ಊರಿನ ತಿಪ್ಪೆಯಲ್ಲಿ ಹೂತರು, 2014ರ ಏಪ್ರಿಲ್‌ನಲ್ಲಿ ಅಗೆದು ತೆಗೆದಾಗ ಕ್ಯಾಸೆಟ್ಟುಗಳು ನಿಜಕ್ಕೂ ಸಿಕ್ಕವು, ರೋಲ್ಫ್ ಇದೇ ಕಥೆಯ ಸುತ್ತ ಅದೇ ವರ್ಷ ಒಂದು ಇಡೀ ಸಿನಿಮಾ ಹೊರತಂದ – ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾನೆ. ಆಟದ ದೊಡ್ಡ ದೋಷ ಏನೆಂದರೆ, ಹೆಜ್ಜೆ ತಪ್ಪಿದರೆ ಗುಂಡಿ. ಕಷ್ಟಪಟ್ಟು ಹತ್ತಿ ಬಂದರೆ ಮತ್ತೆ ಅದೇ ಗುಂಡಿ. ಇದನ್ನು ಹೇಳುವಾಗ ಅವನ ದನಿ ಕಂಪಿಸುತ್ತದೆ. ನೀನು ಆಡಿದ್ದೀಯಾ ಅಂತ ಕೇಳಿದರೆ, "ಛೆ, ಅದನ್ನ ಯಾರು ಆಡ್ತಾರೆ!" ದಿನಾ ಬೈಕಿನಲ್ಲಿ ಹೊರವರ್ತುಲ ರಸ್ತೆಗೆ ಹೋಗಿಬರುವವನಿಗೆ ಬೇರೆ ಅಭ್ಯಾಸ ಬೇಕಿರಲಿಲ್ಲವೆನ್ನಿ.

ಗೇಮಿನಿಂದ ಸಿನಿಮಾಕ್ಕೆ ಬಂದರೆ ಅವನ ಪೂಜಾಮಂಟಪದಲ್ಲಿ ಮಿಸ್ಟರ್ ಪ್ಲಿಂಕೆಟ್ ಕೂತಿದ್ದಾನೆ. ಅಮೆರಿಕದ ಮಿಲ್ವಾಕೀ ನಗರದ ರೆಡ್ ಲೆಟರ್ ಮೀಡಿಯಾ ತಂಡದ ಮೈಕ್ ಸ್ಟೊಕ್ಲಾಸಾ ಕಟ್ಟಿದ ಪಾತ್ರ ಇದು: ನಾಲಗೆ ಎಳೆಯುವ, ತಲೆ ಅಷ್ಟು ಸರಿಯಿಲ್ಲದ ಮುದುಕ. 2009ರ ಡಿಸೆಂಬರಿನಲ್ಲಿ ಈ ಮುದುಕ 1999ರ 'ಸ್ಟಾರ್ ವಾರ್ಸ್: ದಿ ಫ್ಯಾಂಟಮ್ ಮೆನೇಸ್' ಚಿತ್ರವನ್ನು ಎಪ್ಪತ್ತು ನಿಮಿಷ ಜಾಡಿಸಿದ. ಚಿತ್ರದ ಅವಧಿಯೇ ಎರಡು ಗಂಟೆ ಚಿಲ್ಲರೆ. ಅರ್ಧ ಚಿತ್ರಕ್ಕಿಂತ ಉದ್ದದ ವಿಮರ್ಶೆ, ಯೂಟ್ಯೂಬಿನಲ್ಲಿ ಏಳು ತುಂಡಾಗಿ ಬಂತು. ನಡುನಡುವೆ ಹೇಸಿಗೆಯ ತಮಾಷೆಗಳಿವೆ, ಅವೆಲ್ಲ ಎಲ್ಲರಿಗೂ ಸೇರುವುದಿಲ್ಲ. ಆದರೆ ಅದರಲ್ಲೊಂದು ಪರೀಕ್ಷೆಯಿದೆ. ಪಾತ್ರ ಹೇಗೆ ಕಾಣುತ್ತದೆ, ಏನು ತೊಟ್ಟಿದೆ, ಯಾವ ಕೆಲಸ ಮಾಡುತ್ತದೆ – ಈ ಮೂರನ್ನು ಬಿಟ್ಟು ಅದನ್ನು ವರ್ಣಿಸಿ ಎಂದು ಜನರನ್ನು ಕೇಳಲಾಗುತ್ತದೆ. ಹಳೆಯ ಚಿತ್ರದ ಹ್ಯಾನ್ ಸೋಲೊ ಬಗ್ಗೆ ಮಾತು ನಿಲ್ಲುವುದಿಲ್ಲ: ಪುಂಡ, ಜಂಭದವನು, ಒಳಗೆ ಒಳ್ಳೆಯವನು. ಹೊಸ ಚಿತ್ರದ ರಾಣಿ ಅಮಿಡಾಲಾ ಬಗ್ಗೆ ಕೇಳಿದರೆ ತಡವರಿಕೆ. ಚಿತ್ರಕಥೆ ಬರೆಯುವವರಿಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಉಪಯುಕ್ತ ಪಾಠ ಸಿಗುವುದು ಕಷ್ಟ.

ನಮ್ಮ ಭಕ್ತ ಈ ಪರೀಕ್ಷೆಯನ್ನು ಟೀ ಅಂಗಡಿಗೆ ತಂದ. ಹೊಸದೊಂದು ಮಾಸ್ ಚಿತ್ರವನ್ನು ಮೊದಲ ದಿನವೇ ನೋಡಿ ಬಂದಿದ್ದ ಗೆಳೆಯರನ್ನು ನಿಲ್ಲಿಸಿ, ಹೀರೋನ ಬಗ್ಗೆ ಹೇಳ್ರಪ್ಪಾ ಅಂದ.

"ಗಡ್ಡ ಮಗಾ, ಏನ್ ಗಡ್ಡ!"

"ಗಡ್ಡ ಬಿಟ್ಟು ಹೇಳು."

"ಲಾಂಗ್ ಹಿಡ್ಕೊಂಡ್ ಬರ್ತಾನೆ..."

"ಲಾಂಗೂ ಬಿಡು."

ಗೆಳೆಯರು ಮುಖ ಮುಖ ನೋಡಿಕೊಂಡರು. ಕೊನೆಗೆ ಒಬ್ಬ, "ತಾಯಿ ಸೆಂಟಿಮೆಂಟ್ ಇದೆ ಗುರೂ" ಎಂದು ಕೈಚೆಲ್ಲಿದ. ಅಂದಿನಿಂದ ಆ ಗುಂಪು ಇವನನ್ನು ಬಿಟ್ಟು ಸಿನಿಮಾಕ್ಕೆ ಹೋಗುತ್ತಿದೆ.

ಬೆನ್ ಕ್ರೋಶಾ ಎಂಬ ಇಂಗ್ಲಿಷಿನವನ ಮಾತಂತೂ ಬೇರೆಯದೇ ರುಚಿ. 'ಯಾಟ್ಜಿ' ಎಂದೇ ಹೆಸರಾದ ಈತ 2007ರಲ್ಲಿ ಆಸ್ಟ್ರೇಲಿಯಾದಲ್ಲಿದ್ದುಕೊಂಡು 'ಝೀರೋ ಪಂಕ್ಚುಯೇಶನ್' ಎಂಬ ಗೇಮ್ ವಿಮರ್ಶೆಯ ಸರಣಿ ಶುರು ಮಾಡಿದ. ಹಳದಿ ಹಿನ್ನೆಲೆ, ಟೋಪಿ ಹಾಕಿದ ಬೊಂಬೆಗಳು, ಅಲ್ಪವಿರಾಮಕ್ಕೂ ಜಾಗ ಬಿಡದ ಐದು ನಿಮಿಷದ ವಾಗ್ಝರಿ. ಭಕ್ತ ಅದನ್ನೂ ಒಂದೂವರೆ ಪಟ್ಟು ವೇಗದಲ್ಲಿ ನೋಡುತ್ತಾನೆ. ಟೈಮ್ ಇಲ್ಲವಂತೆ.

ಮನೆಯವರಿಗೆ ನಿಜವಾದ ಕಾಟ ಕೊಟ್ಟದ್ದು 2012ರಲ್ಲಿ ಶುರುವಾದ 'ಸಿನಿಮಾಸಿನ್ಸ್'. ಚಿತ್ರದಲ್ಲಿ ತಪ್ಪೊಂದು ಕಂಡ ಕೂಡಲೇ ಟಿಂಗ್ ಎಂದು ಗಂಟೆ, ಮೂಲೆಯಲ್ಲಿ ಪಾಪದ ಲೆಕ್ಕ. ಈ ಟಿಂಗ್ ಭಕ್ತನ ಬಾಯಿಗೆ ಅಂಟಿಕೊಂಡಿತು. ನಾದಿನಿಯ ಮದುವೆಯಲ್ಲಿ ಪುರೋಹಿತರು ಗಂಡಿನ ಗೋತ್ರ ತಪ್ಪಿ ಹೇಳಿದಾಗ ಟಿಂಗ್. ಕೋಸಂಬರಿ ಬಡಿಸುವ ಮೊದಲೇ ಅನ್ನ ಬಂದಾಗ ಟಿಂಗ್. ಬೀಗರು ತಿರುಗಿ ನೋಡಿದರು. "ರೀ, ಇನ್ನೊಂದ್ ಸಲ ಟಿಂಗ್ ಅಂದ್ರೆ ನಾನು ಇಲ್ಲೇ ಎದ್ದು ಹೋಗ್ತೀನಿ" ಎಂದು ಹೆಂಡತಿ ಹಲ್ಲು ಕಚ್ಚಿ ಹೇಳಿದ ಮೇಲೆ ಗಂಟೆ ನಿಂತಿತು. ಈ ವಿಷಯದಲ್ಲಿ ನ್ಯಾಯ ಹೆಂಡತಿಯ ಕಡೆಗಿದೆ. ಪ್ಲಿಂಕೆಟ್ ಮುದುಕ ಚಿತ್ರ ಯಾಕೆ ಸೋತಿತು ಎಂದು ಹುಡುಕುತ್ತಾನೆ. ಗಂಟೆಯವರು ಎಷ್ಟು ಸಲ ಎಡವಿತು ಎಂದು ಎಣಿಸುತ್ತಾರೆ. ಎರಡನೆಯದು ಗುಮಾಸ್ತಿಕೆ. ಒಳ್ಳೆಯ ಚಿತ್ರವನ್ನೂ ಹಾಗೆ ಎಣಿಸಬಹುದು, ಅವರು ಎಣಿಸುತ್ತಾರೆ ಕೂಡ.

ಈ ಕೋಪದ ವ್ಯಾಪಾರದಲ್ಲಿ ಜಗಳಗಳಿಗೂ ಬರವಿಲ್ಲ. ಕಪ್ಪು ಟೋಪಿ, ಕೆಂಪು ಟೈ ತೊಟ್ಟು 2007ರಿಂದ 'ನಾಸ್ಟಾಲ್ಜಿಯಾ ಕ್ರಿಟಿಕ್' ಆಗಿ ಹಳೆಯ ಚಿತ್ರಗಳ ಮೇಲೆ ಹರಿಹಾಯುತ್ತಿದ್ದ ಡಗ್ ವಾಕರ್‌ಗೂ ರೋಲ್ಫ್‌ಗೂ 2008ರಲ್ಲಿ ಪರಸ್ಪರ ಬೈದಾಡುವ ವಿಡಿಯೋ ಸರಣಿಯೇ ನಡೆಯಿತು. ಅದು ಬರಿಯ ನಾಟಕ, ಇಬ್ಬರೂ ಸ್ನೇಹಿತರೇ. ನಿಜವಾದ ರಾದ್ಧಾಂತವಾದದ್ದು ರೋಲ್ಫ್ ಸಿಟ್ಟೇ ಮಾಡಿಕೊಳ್ಳದಿದ್ದಾಗ. 2016ರ ಮೇ ತಿಂಗಳಲ್ಲಿ ವೇಷ ಕಳಚಿ, ತಣ್ಣಗೆ ಕುರ್ಚಿಯಲ್ಲಿ ಕೂತು, ಹೆಂಗಸರು ಮುಖ್ಯಪಾತ್ರದಲ್ಲಿದ್ದ ಹೊಸ 'ಘೋಸ್ಟ್‌ಬಸ್ಟರ್ಸ್' ಚಿತ್ರವನ್ನು ತಾನು ನೋಡುವುದಿಲ್ಲ, ವಿಮರ್ಶೆಯನ್ನೂ ಮಾಡುವುದಿಲ್ಲ ಎಂದ. ಹತ್ತು ವರ್ಷ ಎಗರಾಡಿ ಬೈದಾಗ ಚಪ್ಪಾಳೆ ತಟ್ಟಿದ್ದ ಜಾಲಲೋಕ, ಮೆಲ್ಲಗೆ 'ಒಲ್ಲೆ' ಅಂದದ್ದಕ್ಕೆ ಉರಿದುಬಿತ್ತು. ಹೆಂಗಸರೆಂದರೆ ಆಗದವನು ಎಂದು ಕೆಲವರು, ಅವನಿಷ್ಟ ಬಿಡಿ ಎಂದು ಕೆಲವರು. ನೋಡದೆಯೇ ತೀರ್ಪು ಕೊಡಬಹುದೇ ಎಂಬ ಪ್ರಶ್ನೆಯೂ ಎದ್ದಿತು. ನಮ್ಮ ಭಕ್ತ ಈ ಪ್ರಶ್ನೆ ಬಂದಾಗ ಮಾತ್ರ ಮಾತು ಬದಲಿಸುತ್ತಾನೆ.

ಅವನಿಗೆ ಹೆಮ್ಮೆ ತರುವ ಸ್ಥಳೀಯ ಅಧ್ಯಾಯವೂ ಒಂದಿದೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಕನನ್ ಗಿಲ್, ಜೊತೆಗಾರ ಬಿಸ್ವ ಕಲ್ಯಾಣ್ ರಥ್ ಸೇರಿ 'ಪ್ರಿಟೆನ್ಶಿಯಸ್ ಮೂವಿ ರಿವ್ಯೂಸ್' ಎಂಬ ಸರಣಿ ಮಾಡಿದರು. ಕೆಟ್ಟ ಹಿಂದಿ ಚಿತ್ರವೊಂದನ್ನು ಮುಂದಿಟ್ಟುಕೊಂಡು ಇಬ್ಬರೂ ಗಂಭೀರವಾಗಿ ಚರ್ಚಿಸುತ್ತ ಅದರ ನೀರಿಳಿಸುವುದು. 'ನಮ್ಮ ಫೀಲ್ಡಿನವರೇ' ಎಂದು ಭಕ್ತ ಹೇಳಿಕೊಳ್ಳುತ್ತಾನೆ. ಅವರು ಮುಂದೆ ಹಾಸ್ಯವನ್ನೇ ವೃತ್ತಿ ಮಾಡಿಕೊಂಡರು. ಇವನು ಫೀಲ್ಡಿನಲ್ಲೇ ಉಳಿದ.

ಗುರುಗಳಿಗೂ ಶಿಷ್ಯನಿಗೂ ಇರುವ ಅಂತರ ಅಲ್ಲಿಯೇ ಕಾಣುತ್ತದೆ. ರೋಲ್ಫ್ ಬೈಯುವ ಮುಂಚೆ ಆಟವನ್ನು ಆಡುತ್ತಾನೆ, ಎಲ್ಲಿ ಸಿಕ್ಕಿಹಾಕಿಕೊಂಡೆ ಎಂದು ತೋರಿಸುತ್ತಾನೆ, ಗೋಡೆ ತುಂಬ ಕ್ಯಾಸೆಟ್ಟುಗಳನ್ನು ಜೋಡಿಸಿಟ್ಟುಕೊಂಡಿದ್ದಾನೆ. ಬೇಡದ ವಸ್ತುವಿಗೆ ಯಾರೂ ಅಷ್ಟು ದೊಡ್ಡ ಕಪಾಟು ಮಾಡಿಸುವುದಿಲ್ಲ. ಸ್ಟೊಕ್ಲಾಸಾ ಎಪ್ಪತ್ತು ನಿಮಿಷ ಮಾತಾಡಲು ಆ ಚಿತ್ರವನ್ನು ಎಷ್ಟು ಸಲ ಸಹಿಸಿಕೊಂಡಿರಬೇಕು! ಶಿಷ್ಯನಿಗೆ ಆ ಶ್ರಮ ಬೇಡ, ಫಲ ಮಾತ್ರ ಸಾಕು.

2013ರಲ್ಲಿ ಫ್ರೀಕ್‌ಝೋನ್ ಗೇಮ್ಸ್ ಸಂಸ್ಥೆ ರೋಲ್ಫ್‌ನ ಸಿಡುಕ ನರ್ಡ್‌ನನ್ನೇ ನಾಯಕನನ್ನಾಗಿಸಿ ಒಂದು ಗೇಮ್ ಹೊರತಂದಿತು, 2016ರಲ್ಲಿ ಎರಡನೆಯದು. ಹಳೆಯ ಕಾಲದ ಆಟಗಳ ಗೋಳನ್ನು ಬೇಕೆಂದೇ ತುಂಬಿದ ಕಷ್ಟದ ಆಟಗಳು ಅವು. ನಮ್ಮ ಭಕ್ತ ಎರಡನ್ನೂ ರಿಯಾಯಿತಿಯಲ್ಲಿ ಕೊಂಡಿಟ್ಟಿದ್ದಾನೆ. ಇನ್ನೂ ತೆರೆದಿಲ್ಲ. ಯಾರಾದರೂ ಅವುಗಳನ್ನು ಚೆನ್ನಾಗಿ ಬೈದ ವಿಡಿಯೋ ಸಿಕ್ಕರೆ ಕಳಿಸಿ ಎಂದು ವಾಟ್ಸಾಪ್ ಗುಂಪಿನಲ್ಲಿ ಕೇಳಿಕೊಂಡಿದ್ದಾನೆ.