ಹದಿನಾಲ್ಕರ ವಾಚಕ ಮಹಾಶಯ

ಗೋದಾನ, ಭೂದಾನ, ಅನ್ನದಾನ, ವಿದ್ಯಾದಾನವೆಂದು ದಾನಗಳನ್ನು ಎಣಿಸಿಟ್ಟ ನಮ್ಮ ಹಿರಿಯರು, ದಾನವನ್ನು ಪರಿಗ್ರಹಿಸುವವನ ಮುಖ ಹೇಗಿರುತ್ತದೆಂಬುದನ್ನೂ ಎರಡು ಮಾತಿನಲ್ಲಿ ತಿಳಿಸಿದ್ದರೆ, ಹದಿನಾಲ್ಕು ವರ್ಷದ ಹುಡುಗನ ಕೈಗೆ ಅವನ ಹುಟ್ಟಿದ ಹಬ್ಬದ ದಿನ ಬಣ್ಣದ ಕಾಗದ ಸುತ್ತಿದ ಪುಸ್ತಕವನ್ನಿಡುವ ಸಾಹಸಕ್ಕೆ ನನ್ನಂಥವರು ಪದೇ ಪದೇ ಇಳಿಯುತ್ತಿರಲಿಲ್ಲ. ಪೊಟ್ಟಣವನ್ನು ಬಿಚ್ಚುವುದಕ್ಕೆ ಮೊದಲೇ ಹುಡುಗನು ಅದರ ನಾಲ್ಕು ಮೂಲೆಗಳನ್ನು ಬೆರಳ ತುದಿಯಿಂದ ಸವರಿ, ಒಳಗಿರುವುದು ಕ್ರಿಕೆಟ್ ಚೆಂಡೂ ಅಲ್ಲ, ಕೈಗಡಿಯಾರವೂ ಅಲ್ಲ, ಚತುರಸ್ರವಾದ ಜ್ಞಾನವೆಂದು ಅರಿತುಕೊಂಡ ಕ್ಷಣದಲ್ಲಿ ಅವನ ಮುಖದ ಮೇಲೆ ಮೂಡುವ ಭಾವಕ್ಕೆ ಭರತಮುನಿಯೂ ಹೆಸರಿಟ್ಟಿಲ್ಲ. ಅದು ಶೋಕವಲ್ಲ, ಜುಗುಪ್ಸೆಯೂ ಅಲ್ಲ. ನಿರ್ವೇದಕ್ಕೆ ತುಸು ಸಮೀಪ. “ಥ್ಯಾಂಕ್ಸ್ ಮಾವ” ಎಂಬ ಮಾತೇನೋ ಬರುತ್ತದೆ. ಅಷ್ಟು ಹೊತ್ತಿಗೆ ಪುಸ್ತಕವು ಕಪಾಟಿನ ಮೇಲಣ ತಟ್ಟನ್ನು ಸೇರಿ, ವಾನಪ್ರಸ್ಥವನ್ನು ಆರಂಭಿಸಿಯಾಗಿರುತ್ತದೆ.

ನಾನು ಹೇಳುತ್ತಿರುವುದು ಬಸವನಗುಡಿಯಲ್ಲಿರುವ ನನ್ನ ತಂಗಿಯ ಮಗನ ವಿಷಯ. ಒಂಬತ್ತನೆಯ ತರಗತಿಯವನು, ಪಠ್ಯಪುಸ್ತಕವನ್ನು ಬಿಟ್ಟರೆ ಅಕ್ಷರವೆಂಬುದನ್ನು ಮೊಬೈಲಿನ ಪರದೆಯ ಮೇಲಲ್ಲದೆ ಬೇರೆಲ್ಲಿಯೂ ಕಂಡವನಲ್ಲ. “ಅಣ್ಣಾ, ನೀನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನು. ಇವನು ಒಂದು ಕಡೆ ಕೂತು ಓದೋ ಹಾಗೆ ಏನಾದರೂ ಹುಡುಕಿಕೊಡು,” ಎಂದು ತಂಗಿ ಕೇಳಿಕೊಂಡಳು. ಕಾಲೇಜಿನಲ್ಲಿ ಪಾಠ ಹೇಳಿದವನಿಗೆ ಹುಡುಗರು ಏನನ್ನು ಓದುವುದಿಲ್ಲವೆಂಬುದು ಮಾತ್ರ ಚೆನ್ನಾಗಿ ತಿಳಿದಿರುತ್ತದೆಯೆಂಬ ಸಂಗತಿಯನ್ನು ನಾನು ಅವಳಿಗೆ ಹೇಳಹೋಗಲಿಲ್ಲ. ಆ ಮನೆಯಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳೂ ಉಂಟು. ಅವಳು ಸದಾ ಕಿಟಕಿಯ ಪಕ್ಕದಲ್ಲಿ ಏನನ್ನಾದರೂ ಓದುತ್ತ ಕುಳಿತಿರುವವಳಾದ್ದರಿಂದ ಅವಳ ಕುರಿತು ಯಾರಿಗೂ ಚಿಂತೆಯಿಲ್ಲ. ಚಿಂತೆಯಿಲ್ಲದ ಕಡೆ ಪ್ರಬಂಧಕ್ಕೂ ವಸ್ತುವಿಲ್ಲ.

ಹದಿಹರೆಯದ ಹುಡುಗನ ವಿಮರ್ಶಾಪದ್ಧತಿ ಬಹು ಸಂಕ್ಷಿಪ್ತವಾದದ್ದು. ಅವನು ಪುಸ್ತಕವನ್ನು ಕೈಗೆ ತೆಗೆದುಕೊಂಡೊಡನೆ ಕೊನೆಯ ಪುಟದ ಸಂಖ್ಯೆಯನ್ನು ನೋಡುತ್ತಾನೆ. ಅದು ಇನ್ನೂರನ್ನು ಮೀರಿದ್ದರೆ ಕೃತಿಯ ಗುಣದೋಷಗಳ ಚರ್ಚೆ ಅಲ್ಲಿಗೇ ಮುಗಿಯಿತು. ಮೀರಿಲ್ಲವಾದರೆ ಹೆಬ್ಬೆರಳಿನಿಂದ ಹಾಳೆಗಳನ್ನು ಸರ್ರನೆ ಬಿಟ್ಟು, ಚಿತ್ರಗಳುಂಟೋ ಇಲ್ಲವೋ ಎಂದು ಪರಾಂಬರಿಸುತ್ತಾನೆ. ಆಮೇಲೆ ಬೆನ್ನುಡಿ. ಬೆನ್ನುಡಿಯಲ್ಲಿ ‘ಮಕ್ಕಳ ಮನೋವಿಕಾಸಕ್ಕೆ’ ಎಂಬ ಶಬ್ದಗಳು ಕಂಡವೋ, ಔಷಧಿಯ ವಾಸನೆಯನ್ನು ಹಿಡಿದವನಂತೆ ಹಿಂದಕ್ಕೆ ಸರಿಯುತ್ತಾನೆ. ಓದಿ ಮುಗಿಸಿದ ಮೇಲೂ ಅವನ ತೀರ್ಪು ಒಂದೇ ಪದದ್ದು: “ಪರವಾಗಿಲ್ಲ.” ಅರ್ಧ ಶತಮಾನ ಸಾಹಿತ್ಯಸೇವೆ ಮಾಡಿದವರಿಗೂ ಇಷ್ಟೆ, ಮೊನ್ನೆ ಬರೆದವರಿಗೂ ಇಷ್ಟೆ. ನಮ್ಮ ವಿಮರ್ಶಕರಲ್ಲಿ ಇಂಥ ಸಮದರ್ಶಿತ್ವ ದುರ್ಲಭ.

ನಾನು ಮಹಾಪುರುಷರ ಚರಿತ್ರೆಗಳಿಂದ ಆರಂಭಿಸಿದೆ. 1970ರ ದಶಕದಲ್ಲಿ ರಾಷ್ಟ್ರೋತ್ಥಾನ ಪರಿಷತ್ತು ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ‘ಭಾರತ ಭಾರತಿ’ ಎಂಬ ಮಾಲೆಯನ್ನು ಪ್ರಾರಂಭಿಸಿ, ಅಂಗಿಯ ಜೇಬಿನಲ್ಲಿ ಹಿಡಿಸುವಂಥ 510 ಪುಟ್ಟ ಪುಸ್ತಕಗಳನ್ನು ಕನ್ನಡದ ಮಕ್ಕಳ ಕೈಗಿಟ್ಟಿತೆಂಬುದು ಸಾಮಾನ್ಯವಾದ ಮಾತಲ್ಲ; ನಮ್ಮ ಪೀಳಿಗೆಯ ಎಷ್ಟೋ ಮಂದಿಗೆ ಋಷಿಗಳೂ ರಾಜರೂ ವಿಜ್ಞಾನಿಗಳೂ ಮೊದಲು ಪರಿಚಿತರಾದದ್ದು ಆ ಅಳತೆಯಲ್ಲಿಯೇ. ಪುಟಸಂಖ್ಯೆಯ ಪರೀಕ್ಷೆಯಲ್ಲಿ ಅವು ನಿರಾಯಾಸವಾಗಿ ತೇರ್ಗಡೆಯಾದವು. ಹುಡುಗನು ಕೆಲವನ್ನು ಓದಿಯೂ ಓದಿದನು. ಅದರ ಜೊತೆಗೆ ಶಾಲೆಯ ವಾರ್ಷಿಕೋತ್ಸವಗಳಲ್ಲಿ ಬಹುಮಾನವಾಗಿ ಬಂದಿದ್ದ ಅದೇ ಜಾತಿಯ ಬೇರೆ ಚರಿತ್ರೆಗಳನ್ನೂ ಹೊರತೆಗೆದು ಓದಿ, ಊಟದ ಹೊತ್ತಿಗೆ ಗಂಭೀರವಾಗಿ ಕೇಳಿದನು: “ಮಾವ, ಬೀದಿ ದೀಪದ ಕೆಳಗೆ ಕೂತು ಓದಿದವರು ಇಷ್ಟೊಂದು ಜನ ಇದ್ದಾರಲ್ಲ, ಒಂದೇ ಕಂಬದ ಕೆಳಗೆ ಜಾಗಕ್ಕೆ ಜಗಳ ಆಗ್ತಿರಲಿಲ್ವಾ?” ವಿಶ್ವೇಶ್ವರಯ್ಯನವರ ಬಗೆಗೆ ಜನ ಹೇಳುವ ಬೀದಿ ದೀಪದ ಕಥೆಯನ್ನು ಬೇರೆ ಬೇರೆ ಹೆಸರಿನಲ್ಲಿ ಹಲವು ಸಲ ಓದಿದವನ ನ್ಯಾಯವಾದ ಸಂದೇಹ ಅದು. ಆ ದೀಪಗಳನ್ನು ದಿನವೂ ಹಚ್ಚಿದವನ ಚರಿತ್ರೆ ಇದ್ದರೆ ತಾನು ಓದುವೆನೆಂದೂ ಅವನು ಸೇರಿಸಿದನು. ಯೋಚಿಸಿ ನೋಡಿದರೆ ಅದು ಸೊಗಸಾದ ಪುಸ್ತಕವೇ ಆದೀತು, ಬರೆಯುವವರು ಬೇಕು.

ಇತ್ತ ಭಾವನವರು ಸುಮ್ಮನಿರಲಿಲ್ಲ. ಎಂಜಿನಿಯರಾದ ಅವರಿಗೆ ಎಲ್ಲ ಸಮಸ್ಯೆಗೂ ಕ್ರಮಬದ್ಧವಾದ ಪರಿಹಾರವುಂಟೆಂಬ ನಂಬಿಕೆ. ಯಶಸ್ಸಿನ ಮೆಟ್ಟಿಲುಗಳನ್ನು ಸಂಖ್ಯಾನುಕ್ರಮವಾಗಿ ವಿವರಿಸುವ, ಮುಖಪುಟದ ಮೇಲೆ ಕೋಟು ಧರಿಸಿದ ಮನುಷ್ಯನೊಬ್ಬನು ಪರ್ವತಾಗ್ರದಲ್ಲಿ ಕೈಯೆತ್ತಿ ನಿಂತಿರುವ ಪುಸ್ತಕವೊಂದನ್ನು ಅವರು ತಂದುಕೊಟ್ಟರು. ನಾಲ್ಕು ದಿನದ ಮೇಲೆ ಮಗನು, “ಅಪ್ಪಾ, ಮೂರನೇ ಮೆಟ್ಟಿಲೂ ಏಳನೇ ಮೆಟ್ಟಿಲೂ ಒಂದೇ ಅಲ್ವಾ?” ಎಂದು ಕೇಳಿದಾಗ, ಮೊದಲ ಮೆಟ್ಟಿಲನ್ನೂ ಏರದಿದ್ದ ಭಾವನವರು ದಿನಪತ್ರಿಕೆಯನ್ನು ಅಗಲವಾಗಿ ಬಿಡಿಸಿ ಹಿಡಿದರು. ಅವರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು, ಮಗನು ಸಹಪಾಠಿಯೊಬ್ಬನಿಂದ ತಂದಿದ್ದ ಜಪಾನೀ ಚಿತ್ರಕಥೆಯಿಂದ. ಪುಸ್ತಕದ ಮೊದಲ ಪುಟದಲ್ಲಿಯೇ ಕಥೆ ಮುಗಿದಿರುವುದನ್ನು ಕಂಡು, ಬೈಂಡು ಮಾಡಿದವನು ಹಾಳೆಗಳನ್ನು ತಲೆಕೆಳಗು ಮಾಡಿದ್ದಾನೆಂದು ನಿಶ್ಚಯಿಸಿ, ಅಂಗಡಿಗೆ ಹಿಂದಿರುಗಿಸಲು ಹೊರಟೇಬಿಟ್ಟಿದ್ದರು. ಆ ದೇಶದ ಚಿತ್ರಕಥೆಗಳು ಬಲದಿಂದ ಎಡಕ್ಕೇ ಓದತಕ್ಕವೆಂದು ಮಗನು ತಿಳಿಯಹೇಳಬೇಕಾಯಿತು. ತಂದೆಗೆ ತಾನೊಂದನ್ನು ಕಲಿಸಿದೆನೆಂಬ ಸಂತೋಷದಲ್ಲಿ ಹುಡುಗನು ಆ ದಿನವೆಲ್ಲ ಬಹು ವಿಧೇಯನಾಗಿದ್ದನು. ಆಗ ನನಗೆ ಮಸುಕಾಗಿ ಏನೋ ಹೊಳೆಯಿತು.

ಅದನ್ನು ಸ್ಪಷ್ಟಪಡಿಸಿದವರು ನನ್ನ ತಾಯಿ. ಓದು ಬರಹ ಅಷ್ಟಾಗಿ ಇಲ್ಲದಿದ್ದರೂ, ಗಮಕಿಗಳ ಬಾಯಿಂದ ಕೇಳಿ ಕೇಳಿ ಕುಮಾರವ್ಯಾಸನ ಬಹುಭಾಗವನ್ನು ಕಂಠದಲ್ಲಿಟ್ಟುಕೊಂಡಿರುವ ಅವರು ಮೊಮ್ಮಗನಿಗೆ ಕೀಚಕವಧೆಯನ್ನೋ ಉತ್ತರಕುಮಾರನ ಪೌರುಷವನ್ನೋ ಹೇಳಲಾರಂಭಿಸಿದರೆ, ಮೊಬೈಲು ತಾನಾಗಿ ದಿವಾನದ ಮೇಲೆ ಮಗುಚಿಕೊಳ್ಳುತ್ತದೆ. ಇದರ ಗುಟ್ಟೇನೆಂದು ಕೇಳಿದೆ. “ಕುಮಾರವ್ಯಾಸ ಎಲ್ಲಿ ನಿಲ್ಲಿಸಬೇಕು ಅಂತ ತಿಳಿದವನಪ್ಪ,” ಎಂದರು. ಮಾತು ಸುಳ್ಳಲ್ಲ. ಹದಿನೆಂಟು ಪರ್ವಗಳ ಭಾರತದಲ್ಲಿ ಆ ಮಹಾನುಭಾವನು ಹತ್ತನ್ನು ಮಾತ್ರ ಹಾಡಿ, ದುರ್ಯೋಧನನ ತೊಡೆ ಮುರಿದ ಗದಾಪರ್ವಕ್ಕೇ ಮಂಗಳ ಹಾಡಿದನಷ್ಟೆ. ಶರಶಯ್ಯೆಯ ಮೇಲೆ ಮಲಗಿದ ಭೀಷ್ಮರು ಮೈತುಂಬ ಬಾಣ ನೆಟ್ಟಿರುವಾಗಲೂ ಧರ್ಮರಾಯನಿಗೆ ಉಪದೇಶ ಮಾಡುವುದನ್ನು ಬಿಡದ ಶಾಂತಿಪರ್ವದ ಗೊಡವೆಗೇ ಅವನು ಹೋಗಲಿಲ್ಲ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿಯು ಶ್ರದ್ಧೆಯಿಂದ ಪೂರೈಸಿದನು. ಕುಮಾರವ್ಯಾಸನನ್ನು ಊರೂರಿನ ಜಗಲಿಗಳಲ್ಲಿ ಓದಿಸಿ ಕೇಳಿದರು. ತಿಮ್ಮಣ್ಣ ಕವಿಯನ್ನು ಪರೀಕ್ಷೆಗೆ ಓದಿದರು. ವಿದ್ವಾಂಸರು ಇದಕ್ಕೆ ಪ್ರತಿಭೆಯ ತಾರತಮ್ಯವೆಂಬ ಕಾರಣ ಕೊಡುತ್ತಾರೆ. ಅದು ನಿಜವೇ, ಆದರೆ ಭೀಷ್ಮೋಪದೇಶವನ್ನು ಇನ್ನೊಬ್ಬನ ಪಾಲಿಗೆ ಬಿಟ್ಟುಕೊಟ್ಟ ಚಾತುರ್ಯವೂ ಪ್ರತಿಭೆಯ ಅಂಗವೇ ಅಲ್ಲವೇ?

ನನ್ನ ಬಾಲ್ಯದಲ್ಲಿ ನಮ್ಮೂರಿನ ಪೇಟೆಬೀದಿಯಲ್ಲಿ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಅದರ ಒಡೆಯನಿಗೆ ಪುಸ್ತಕಗಳಲ್ಲಿ ಎರಡೇ ಜಾತಿ: ‘ಹೋಗುತ್ತೆ’ ಮತ್ತು ‘ಹೋಗಲ್ಲ’. ಜ್ಞಾನಪೀಠವೂ ಅವನ ವರ್ಗೀಕರಣವನ್ನು ಅಲುಗಿಸಲಾರದು. ಐನೂರಕ್ಕೂ ಮಿಕ್ಕಿ ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯನವರ ಪುಸ್ತಕಗಳು ಅಲ್ಲಿ ಕಪಾಟನ್ನು ಸೇರುವುದಕ್ಕೇ ಬಿಡುವಿಲ್ಲದೆ, ಒಬ್ಬ ಹುಡುಗನ ಕೈಯಿಂದ ಇನ್ನೊಬ್ಬನ ಕೈಗೆ ಬಾಗಿಲಲ್ಲಿಯೇ ದಾಟುತ್ತಿದ್ದವು. ಪತ್ತೇದಾರ ಪುರುಷೋತ್ತಮನು ನಮಗೆ ಒಂದು ದಿನವಾದರೂ ಬೆಳಗ್ಗೆ ಬೇಗ ಏಳಬೇಕೆಂದು ಹೇಳಿದವನಲ್ಲ. ಅವನಿಗೆ ಕೆಲಸವಿತ್ತು, ಬೂದಿಯನ್ನು ಮೂಸಿ ನೋಡಬೇಕು, ಹೆಜ್ಜೆಯ ಗುರುತನ್ನು ಅಳೆಯಬೇಕು. ನಮ್ಮನ್ನು ತಿದ್ದುವುದಕ್ಕೆ ಅವನಿಗೆ ಪುರಸತ್ತೆಲ್ಲಿ?

ಇಂಥ ಪುಸ್ತಕಗಳನ್ನು ಅರಸಿ ನಾನು ಸಾರ್ವಜನಿಕ ಗ್ರಂಥಾಲಯದ ಶಾಖೆಯೊಂದಕ್ಕೂ ಹೋದದ್ದುಂಟು. ಶಾಖೆ ಯಾವುದೆಂದು ಹೇಳಿ ಫಲವಿಲ್ಲ. 1965ರ ಕಾನೂನಿನ ಬಲದಿಂದ ನಮ್ಮ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ಸಲ್ಲಿಸುತ್ತಿರುವ ನಾವು, ಆ ಹಣ ಯಾವ ರೂಪವನ್ನು ತಾಳಿದೆಯೆಂದು ನೋಡಬೇಕಾದರೆ ಆಗಾಗ ಅಲ್ಲಿಗೆ ಹೋಗಬೇಕು. ದಿನಪತ್ರಿಕೆಯ ಒಂದೊಂದು ಹಾಳೆಯನ್ನು ಒಬ್ಬೊಬ್ಬರಂತೆ ಹಂಚಿಕೊಂಡು ಓದುತ್ತಿದ್ದ ನಿವೃತ್ತರ ನಡುವೆ ದಾರಿ ಮಾಡಿಕೊಂಡು ಒಳಗೆ ಹೋದರೆ, ಮಕ್ಕಳ ವಿಭಾಗವೆಂಬ ಕಪಾಟಿಗೆ ಬೀಗ. ಬೀಗದ ಕೈ ಇರುವವರು ರಜೆಯಲ್ಲಿದ್ದರು. ಗಾಜಿನ ಹಿಂದೆ ಕಾರಂತರ ‘ಬಾಲ ಪ್ರಪಂಚ’ ಕಾಣಿಸುತ್ತಿತ್ತು. ಪ್ರಪಂಚ ಒಳಗೆ, ಬಾಲರು ಹೊರಗೆ.

ಕೊನೆಗೆ ಕೆಲಸವಾದದ್ದು ಯಾವ ಉಪಾಯದಿಂದಲೂ ಅಲ್ಲ. ಒಂದು ಭಾನುವಾರ ತಂಗಿಯ ಮನೆಯ ದಿವಾನದ ಮೇಲೆ ಕಾಲು ಚಾಚಿ, ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನು ನನ್ನ ಸಂತೋಷಕ್ಕಾಗಿಯೇ ಮತ್ತೆ ಓದುತ್ತ, ಪ್ಯಾರನ ಮಾತು ಬಂದ ಕಡೆ ತಡೆಯಲಾರದೆ ನಕ್ಕೆ. “ಏನು ಮಾವ?” ಎಂದನು ಹುಡುಗ. ಹೇಳುವುದಕ್ಕೆ ನನಗೆ ವ್ಯವಧಾನವಿರಲಿಲ್ಲ. ಕಥೆ ಒಳ್ಳೆಯ ಘಟ್ಟಕ್ಕೆ ಬಂದಿತ್ತು. ನಾನು ಕಾಫಿಗೆಂದು ಎದ್ದುಹೋಗಿ ಬರುವಷ್ಟರಲ್ಲಿ ಅವನು ಅದನ್ನು ನಿಂತುಕೊಂಡೇ ಓದುತ್ತಿದ್ದನು. ಕನ್ನಡವನ್ನು ಎಡವುತ್ತ ಓದುವವನಾದ್ದರಿಂದ ತುಟಿಗಳು ಆಡುತ್ತಿದ್ದವು. “ಓತಿಕ್ಯಾತ ನಿಜವಾಗಿಯೂ ಹಾರುತ್ತಾ?” ಎಂದು ಕೇಳಿದನು. ಪಶ್ಚಿಮಘಟ್ಟದ ಕಾಡುಗಳಲ್ಲಿ, ಅಡಿಕೆ ತೋಟಗಳಲ್ಲಿ ಕೂಡ, ಪಕ್ಕೆಲುಬುಗಳ ಮೇಲಣ ಚರ್ಮವನ್ನು ಕೊಡೆಯಂತೆ ಬಿಚ್ಚಿ ಮರದಿಂದ ಮರಕ್ಕೆ ತೇಲಿ ಹೋಗುವ ಓತಿಗಳು ಇಂದಿಗೂ ಇವೆಯೆಂದೆ. ಅವನ ಮುಂದಿನ ಪ್ರಶ್ನೆಯೇ ಮೂಡಿಗೆರೆಗೆ ಬಸ್ಸು ಎಷ್ಟು ಹೊತ್ತಿಗೆ ಎಂಬುದಾಗಿತ್ತು.

1980ರಲ್ಲಿ ಪ್ರಕಟವಾದ ಆ ಕಾದಂಬರಿಯನ್ನು ಕುರಿತು ವಿಮರ್ಶಕರು ವಿಕಾಸವಾದ, ಕಾಲತತ್ತ್ವ, ಅನಂತತೆ ಎಂದೆಲ್ಲ ಬರೆದಿದ್ದಾರೆ. ಹದಿನಾಲ್ಕರ ಹುಡುಗನಿಗೆ ಅವೆಲ್ಲ ಬೇಡ. ಅವನು ಕಂಡುಕೊಂಡದ್ದು ಮಂದಣ್ಣನನ್ನು. ಜೇನು ಕೀಳುತ್ತ ಕಾಡು ಅಲೆಯುವ, ಊರವರ ಲೆಕ್ಕದಲ್ಲಿ ಯಾತಕ್ಕೂ ಬಾರದ ಆ ಪ್ರಾಣಿಯ ಹಿಂದೆ ಕರ್ವಾಲೊ ಎಂಬ ದೊಡ್ಡ ವಿಜ್ಞಾನಿಯೇ ಬಂದು, ಈತನಿಲ್ಲದೆ ತನ್ನ ಶೋಧನೆ ಸಾಗದೆಂದು ನಿಲ್ಲುತ್ತಾನಲ್ಲ, ಹುಡುಗನ ಕಣ್ಣು ಅರಳಿದ್ದು ಅಲ್ಲಿ. ನಾವು ಆರಿಸಿಕೊಡುವ ಪುಸ್ತಕಗಳಲ್ಲಿ ಹುಡುಗನೆಂದರೆ ತಿದ್ದಿಸಿಕೊಳ್ಳಬೇಕಾದವನು. ಅವನು ತಾನಾಗಿ ಆರಿಸಿಕೊಳ್ಳುವುದರಲ್ಲಿ ಹಿರಿಯರಿಗೆ ಅವನಿಂದ ಕೆಲಸವಾಗಬೇಕಾಗಿರುತ್ತದೆ. ಕೆನೆತ್ ಆಂಡರ್ಸನ್ನನ ಬೇಟೆಯ ಅನುಭವಗಳನ್ನು ತೇಜಸ್ವಿ ಕನ್ನಡಕ್ಕೆ ತಂದ ‘ಕಾಡಿನ ಕಥೆಗಳು’ ಮಾಲೆಯನ್ನೂ ಇವನು ಆಮೇಲೆ ಹಿಡಿದು ಕೂತದ್ದಕ್ಕೆ ನರಭಕ್ಷಕಗಳೊಂದೇ ಕಾರಣವಲ್ಲ. ಬಂದೂಕು ಹಿಡಿದ ದೊರೆಯೂ ಗುರುತು ಹಿಡಿಯುವುದಕ್ಕೆ ಹಳ್ಳಿಯವನ ಬೆರಳ ತುದಿಯನ್ನೇ ನೋಡಬೇಕು. ‘ಜಾಲಹಳ್ಳಿಯ ಕುರ್ಕ’ವನ್ನು ಓದಿದ ಮರುದಿನ, ಇಂದು ಮೆಟ್ರೋ ರೈಲು ನಿಲ್ಲುವ ಜಾಲಹಳ್ಳಿಗೆ ಟಿಕೆಟ್ಟು ಎಷ್ಟೆಂದು ವಿಚಾರಿಸಿದನಂತೆ.

ತಂಗಿಗೆ ಸಂತೋಷವಾಯಿತೆಂದು ಹೇಳಲಾರೆ. ಪಿಂಗಾಣಿ ಬಟ್ಟಲೊಂದರಲ್ಲಿ ಜೇಡ, ಸ್ನಾನದ ಮನೆಯ ಹಲ್ಲಿಗಳ ಉದ್ದವನ್ನು ಜ್ಯಾಮಿತಿ ಪೆಟ್ಟಿಗೆಯ ಸ್ಕೇಲಿನಿಂದ ಅಳೆದು ಬರೆದಿಟ್ಟ ಪಟ್ಟಿ, ಟ್ಯೂಷನ್ನಿಗೆ ಚಕ್ಕರ್. “ಓದಲಿ ಅಂದೆ ಅಣ್ಣಾ, ಹೀಗೆ ಓದಲಿ ಅನ್ನಲಿಲ್ಲ,” ಎಂದಳು ಫೋನಿನಲ್ಲಿ. ಭಾವನವರ ಧ್ವನಿ ಹಿಂದಿನಿಂದ ಕೇಳಿಸುತ್ತಿತ್ತು: ಮಂದಣ್ಣನು ಪರೀಕ್ಷೆ ಪಾಸು ಮಾಡಿದವನಲ್ಲವೆಂಬ ಸಂಗತಿಯತ್ತ ಅವರು ಎಲ್ಲರ ಗಮನ ಸೆಳೆಯುತ್ತಿದ್ದರು. ಅಂದರೆ ಅವರೂ ಓದಿದ್ದಾರೆಂದಾಯಿತು.

ಹುಡುಗನಿಗೆ ಮುಂದೇನು ಕೊಡುವುದೆಂದು ಯೋಚಿಸುತ್ತ ಹೋದ ವಾರ ಅವರ ಮನೆಗೆ ಹೋಗಿದ್ದೆ. ಒಂದೇ ಹಗಲು ರಾತ್ರಿಯೊಳಗೆ ನಡೆದುಹೋಗುವ ‘ಜುಗಾರಿ ಕ್ರಾಸ್’ ಸರಿಯಾದೀತೋ, ಕೆ.ಎನ್. ಗಣೇಶಯ್ಯನವರು ವಿಜಯನಗರದ ನಿಧಿಯ ಬೆನ್ನು ಹತ್ತಿ ಬರೆದ ‘ಕರಿಸಿರಿಯಾನ’ವೋ ಎಂದು ನಾನೇ ಗುಣಿಸಿಕೊಳ್ಳುತ್ತಿರುವಾಗ, ಕಿಟಕಿಯ ಪಕ್ಕದಿಂದ ಪುಸ್ತಕದ ಮೇಲಿನ ಕಣ್ಣನ್ನು ತೆಗೆಯದೆಯೇ ಹುಡುಗಿ ಹೇಳಿದಳು: “ಎರಡೂ ತರಬೇಡಿ ಮಾವ, ನನ್ನ ಹತ್ತಿರ ಇದೆ. ‘ಕರ್ವಾಲೊ’ ನಾನು ಐದನೇ ಕ್ಲಾಸಿನಲ್ಲೇ ಓದಿದೀನಿ. ನನ್ನನ್ನು ಕೇಳಿದ್ದರೆ ಅವತ್ತೇ ಹೇಳ್ತಿದ್ದೆ.” ಯಾರೂ ಕೇಳಿರಲಿಲ್ಲವೆಂಬುದು ಸತ್ಯ. ಅಣ್ಣನಿಗೆ ಅವುಗಳನ್ನು ಕೊಡಲು ಅವಳೊಪ್ಪಿದ್ದಾಳೆ. ಪುಸ್ತಕವೊಂದಕ್ಕೆ ವಾರಕ್ಕೆ ಒಂದು ಚಾಕೊಲೇಟಿನ ಬಾಡಿಗೆ, ತಡವಾದರೆ ಎರಡು, ಹಾಳೆಯ ಮೂಲೆ ಮಡಿಸಿದರೆ ಠೇವಣಿ ಮುಟ್ಟುಗೋಲು. ಕಟ್ಟುನಿಟ್ಟಿನ ಲೆಕ್ಕದ ಪುಸ್ತಕವನ್ನೂ ಇಟ್ಟಿದ್ದಾಳೆ. ನನ್ನ ಹೆಸರಿನಲ್ಲಿ ಖಾತೆ ತೆರೆಯುವುದಾದರೆ ಮುಂಗಡ ಕೊಡಬೇಕಂತೆ.